ಅಂಜುವ ಮರಿ ನೋಡುತ್ತದೆ

“ಊರೂರಿಗೆ ನಾಯಿಮರಿ ಆರಿಸಿ ಕೊಟ್ಟ. ತನಗಂತ ಆರಿಸಿಕೊಂಡಿದ್ದು ಮಾತ್ರ ಹೇಡಿ. ಬಿಸಿಲಾಗ ಮಾಲಕ ಬಿದ್ರ ಅದು ಅವನ್ನ ಅಲ್ಲೇ ಬಿಟ್ಟು ಕೂಳು ಹುಡುಕ್ಕೋತ ಊರಾಗ ಬಂತು.”

ಆಂಧ್ರದ ಗಡಿಯೊಳಗಿನ ನಮ್ಮ ಹೊಳಗುಂದದ ಸುತ್ತಿನ ಕುರಿಗಾರರಲ್ಲಿ, ಮರಿ ಆರಿಸಿ ಕೊಡುತ್ತಿದ್ದ ಆ ಕುರುಬನ ಸಾವು ಈಗ ಉಳಿದಿರುವುದು ಈ ಮೂರು ವಾಕ್ಯಗಳಲ್ಲಿ. ಚಹದಂಗಡಿಯಲ್ಲಿ ಇದನ್ನು ಕನ್ನಡದಲ್ಲಿ ಹೇಳುತ್ತಾರೆ, ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ತೆಲುಗಿನಲ್ಲಿ ಹೇಳುತ್ತಾರೆ. ಎರಡು ಭಾಷೆಗಳಲ್ಲಿ ಹೇಳಿದ ಮಾತ್ರಕ್ಕೆ ಒಂದು ಮಾತು ಎರಡು ಪಟ್ಟು ನಿಜವಾಗುವುದಿಲ್ಲ. ಇವುಗಳಲ್ಲಿ ಮೊದಲನೆಯ ವಾಕ್ಯ ನಿಜ. ಎರಡನೆಯದು ಸುಳ್ಳು. ಮೂರನೆಯದರಲ್ಲಿ ನಾಯಿ ಊರಿಗೆ ಬಂದದ್ದು ನಿಜ, ಬಂದ ಕಾರಣ ಸುಳ್ಳು. ಆ ಸುಳ್ಳು ಯಾರ ಬಾಯಿಂದ ಹೊರಟಿತೆಂಬುದು ನನಗೆ ಗೊತ್ತು. ಅದರ ಸರದಿ ಬಂದಾಗ ಹೇಳುತ್ತೇನೆ.

ಆತನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬಾರದೆಂದು ಆತನೇ ಒಮ್ಮೆ ಹೇಳಿದ್ದ: “ನನ್ನ ಹೆಸರು ಯಾಕ್ರಿ ಆಚಾರ್ರ? ಮರಿ ಗುಣ ಬರೀರಿ ಸಾಕು.”

ನಾನು ಹೆಚ್ಚು ಶಾಲೆ ಕಲಿತವನಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟವನು, ನಮ್ಮೂರ ಟಪಾಲು ಕಚೇರಿಯ ಮೇಜಿನ ಹಿಂದೆ ಕುಳಿತು ನಿವೃತ್ತನಾದೆ. ಕಲಿತದ್ದೇನಿದ್ದರೂ ಆ ಮೇಜಿನ ಮೇಲೆ, ಟಪಾಲು ಚೀಲ ಹೋದ ನಂತರದ ಬಿಡುವಿನಲ್ಲಿ ಕಲಿತದ್ದು. ಹೀಗೆ ಒಬ್ಬನೇ ಓದಿದವನಿಗೆ ಒಂದು ಗುಣ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ ಕಾಗದ ತೋರಿಸು ಎನ್ನುತ್ತಾನೆ. ನಮ್ಮೂರ ಗುಡಿಯ ಕಂಬದ ಮೇಲಿನ ಅಕ್ಷರಗಳನ್ನು ಓದಲು ಬಾರದೆಯೇ ಅದರ ಅರ್ಥ ಹೇಳುವವರೊಡನೆ ನಾನು ಜಗಳವಾಡಿದ್ದೇನೆ, ಬಂಧುಗಳ ಮನೆಯ ಮದುವೆಗಳಲ್ಲಿ ಊಟದ ಎಲೆಯ ಮುಂದೆ ಕುಳಿತು ವಾದಿಸಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ಆತ ನನ್ನ ಬಳಿಗೆ ಬಂದದ್ದೂ ಕಾಗದದ ಕಾರಣಕ್ಕೇ. ಒಂದು ಬೆಳಿಗ್ಗೆ ಹೆಗಲ ಮೇಲೆ ಕಂಬಳಿ, ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ನಾಲ್ಕು ನಾಯಿಮರಿಗಳು. ಕಚೇರಿಯ ಮೆಟ್ಟಿಲ ಕೆಳಗೇ ನಿಂತು ಹೇಳಿದ:

“ಆಚಾರ್ರ, ನಂದೊಂದು ಬರವಣಿಗಿ ಐತ್ರಿ. ಮರಿ ಕೊಡುವಾಗ ‘ಇದು ಹಿಂಥಾದ್ದು, ಹಿಂಗ ಕಲಸ್ರಿ’ ಅಂತ ಹೇಳಿ ಕೊಡ್ತೀನಿ. ಆರು ತಿಂಗಳಿಗೆ ಬಂದು ‘ನೀ ಹೇಳೇ ಇಲ್ಲ’ ಅಂತಾರ. ಬರದಿಟ್ರ ಬಾಯಿ ಮುಚ್ಚತಾರ.”

ಈ ಮಾತು ನನಗೆ ಹಿಡಿಸಿತು. ಅಂದೇ ಉದ್ದನೆಯ ಒಂದು ನೋಟುಪುಸ್ತಕ ತರಿಸಿದೆ. ಆತನ ಷರತ್ತು ಒಂದೇ: ತಾನು ಆಡಿದಂತೆಯೇ ಬರೆಯಬೇಕು, ನನ್ನ ಪುಸ್ತಕದ ಕನ್ನಡ ಬೆರೆಸಬಾರದು. ಆತನಿಗೆ ಓದಲು ಬಾರದು. ಆದರೂ ಬರೆದ ಮೇಲೆ ಓದಿಸಿ ಕೇಳಿ, ಎಲ್ಲಾದರೂ ‘ಇದೆ’ ಎಂಬ ಶಬ್ದ ಕಿವಿಗೆ ಬಿದ್ದರೆ ಕೈಯೆತ್ತುತ್ತಿದ್ದ. “ನಾ ‘ಐತಿ’ ಅಂದೀನ್ರಿ.” ಅಂದಿನಿಂದ ಪ್ರತಿ ಸೂಲಿನ ಮರಿಗಳೂ ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಬಂದವು. ನಾನು ನಿವೃತ್ತನಾದ ಮೇಲೆ ನಮ್ಮ ಮನೆಯ ಮುಂದಿನ ಬೇವಿಗೆ ಬಂದವು. ನಾನು ಕಟ್ಟೆಯ ಮೇಲೆ, ಆತ ಕೆಳಗೆ. ಮರಿಗಳಾಗಲಿ ಆತನಾಗಲಿ ನನ್ನನ್ನು ಮುಟ್ಟದಷ್ಟು ದೂರ. ಆ ದೂರವನ್ನು ಆತ ಎಂದೂ ಮೀರಲಿಲ್ಲ, ನಾನೂ ಮೀರಲಿಲ್ಲ.

ಮರಿಗಳಿಗೆ ನಲವತ್ತು ದಿನ ತುಂಬುವವರೆಗೆ ಆತ ಯಾರಿಗೂ ಏನನ್ನೂ ಹೇಳುತ್ತಿರಲಿಲ್ಲ. ತುಂಬಿದ ಮೇಲೆ ಒಂದು ತಟ್ಟೆ ತಂದು, ಮರಿಗಳು ಆಡುತ್ತಿರುವಾಗ ತಿಳಿಯದಂತೆ ಕಲ್ಲಿನ ಮೇಲೆ ಬೀಳಿಸುತ್ತಿದ್ದ. ಸದ್ದಿಗೆ ಒಂದು ಓಡಿ ಹೋಗಿ ತಿರುಗಿ ಬಂದು ತಟ್ಟೆಯನ್ನು ಮೂಸುತ್ತದೆ. ಒಂದು ಓಡುವುದೇ ಇಲ್ಲ, ನೆಟ್ಟಗೆ ತಟ್ಟೆಯ ಮೇಲೆಯೇ ಏರಿ ಹೋಗುತ್ತದೆ. ಇನ್ನೊಂದಕ್ಕೆ ತಟ್ಟೆಯೂ ಆಟವೇ. ಆಮೇಲೆ ಒಂದೊಂದನ್ನೇ ತೊಡೆಯ ಮೇಲೆ ಅಂಗಾತ ಮಲಗಿಸಿ ಎದೆಯ ಮೇಲೆ ಅಂಗೈ ಇಡುತ್ತಿದ್ದ. ಒದ್ದಾಡುತ್ತದೋ, ಸುಮ್ಮನಾಗುತ್ತದೋ, ಒದ್ದಾಡುತ್ತಲೇ ಮುಖ ನೋಡುತ್ತದೋ ಎಂಬುದನ್ನು ಗಮನಿಸುತ್ತಿದ್ದ. ಕೊನೆಗೆ ಎದ್ದು, ಹಿಂತಿರುಗಿ ನೋಡದೆ, ಹೊಲದ ದಾರಿ ಹಿಡಿದು ಹೋಗುತ್ತಿದ್ದ. ಯಾವುದು ಬೆನ್ನು ಹತ್ತಿತು ಎಂದು ನೋಡಿ ಹೇಳುವ ಕೆಲಸ ನನ್ನದು.

ನಾಯಿಯ ಅಂಗುಳು ಕಪ್ಪಾಗಿದ್ದರೆ ಅದು ಚುರುಕು ಎಂಬ ಮಾತು ನಮ್ಮ ಕಡೆ ಬಹಳ ಹಳೆಯದು. ಅದರ ಬಗ್ಗೆ ನಾನು ಕೇಳಿದಾಗ ಆತ ನಕ್ಕ.

“ಬಾಯಿ ತೆರೆದು ನೋಡಿದ್ರ ಹಲ್ಲು ಕಾಣ್ತಾವ್ರಿ. ಗುಣ ಹ್ಯಾಂಗ ಕಾಣ್ತೈತಿ?”

ಕೇಳಿದ್ದನ್ನು ನಂಬದ ಇನ್ನೊಬ್ಬ ಮನುಷ್ಯ ನನಗೆ ಸಿಕ್ಕಿದ್ದ. ವ್ಯತ್ಯಾಸವೆಂದರೆ, ಆತ ಎದ್ದು ಹೋಗಿ ನೋಡುತ್ತಿದ್ದ. ನಾನು ಕುಳಿತು ವಾದಿಸುತ್ತಿದ್ದೆ. ಅದನ್ನೂ ಆತ ಒಂದು ದಿನ ಹೇಳಿಯೇ ಬಿಟ್ಟ.

“ಆಚಾರ್ರ, ಸಿಟ್ಟಾಗಬಾರದು. ನೀವು ಮರಿ ಆಗಿದ್ರ ಎಂಥಾದ್ದು ಗೊತ್ತೇನ್ರಿ?”

“ಹೇಳಪಾ, ಅದೂ ಒಂದು ಆಗಿಹೋಗಲಿ.”

“ತಾಟು ಬಿದ್ರ ಓಡಂಗಿಲ್ಲ. ಹತ್ತಿರಾನೂ ಬರಂಗಿಲ್ಲ. ಕುಂತಲ್ಲೇ ಕುಂತು ಬೊಗಳತೈತಿ.”

ನನ್ನ ಹೆಂಡತಿ ಒಳಗಿನಿಂದಲೇ ಬಿದ್ದು ಬಿದ್ದು ನಕ್ಕಳು. ನಾನು ಮಾನ ಕಾಪಾಡಿಕೊಳ್ಳಲು, “ಅಂಥಾದ್ದಕ್ಕ ಏನು ಕಲಸ್ತೀ?” ಎಂದೆ.

“ಅದಕ್ಕ ಯಾರೂ ಕಲಸಾಕ ಆಗಂಗಿಲ್ರಿ. ತಾನ ಎದ್ದು ಬರೋತನಕ ಕಾಯಬೇಕು.”

ಮರಿಗೆ ಕಲಿಸುವುದೆಂದರೆ ಮೊದಲು ಸಾಕುವವನಿಗೆ ಕಲಿಸುವುದು ಎಂದು ಆತ ನಂಬಿದ್ದ. ಒಮ್ಮೆ ಆದೋನಿಯಿಂದ ಬೀಜದ ಅಂಗಡಿಯ ಸಾಹುಕಾರರೊಬ್ಬರು ಕಾರಿನಲ್ಲಿ ಬಂದರು. ಎಲ್ಲಕ್ಕಿಂತ ದೊಡ್ಡದು, ಧೈರ್ಯದ್ದು ಬೇಕೆಂದು ತೆಲುಗಿನಲ್ಲಿ ಕೇಳಿದರು. ಆತ ಮರಿ ತೋರಿಸುವ ಬದಲು, ಮನೆಯಲ್ಲಿ ಯಾರ್ಯಾರಿದ್ದಾರೆ, ಹಗಲು ನಾಯಿಯ ಬಳಿ ಇರುವವರು ಯಾರು, ಅವರ ದನಿ ಜೋರೋ ಮೆತ್ತಗೋ ಎಂದೆಲ್ಲ ವಿಚಾರಿಸಿದ. ಸಾಹುಕಾರರು, “ಪೆಳ್ಳಿ ಸಂಬಂಧಮಾ ಇದಿ?” ಎಂದು ರೇಗಿದರು. ಮದುವೆ ಸಂಬಂಧಕ್ಕೂ ಇಷ್ಟು ಕೇಳುವುದಿಲ್ಲ ಎಂದು ಆತ ನಕ್ಕು, ಆಟದ ಸ್ವಭಾವದ ಒಂದು ಮರಿಯನ್ನು ಮುಂದಿಟ್ಟ. ಅವರು ಒಪ್ಪಲಿಲ್ಲ. ತಟ್ಟೆಯ ಮೇಲೆ ಏರಿ ಹೋದ ಮರಿಯನ್ನೇ ಹಟ ಹಿಡಿದು ಒಯ್ದರು. ನಾಲ್ಕು ತಿಂಗಳ ಮೇಲೆ ಕೈಗೆ ಪಟ್ಟಿ ಸುತ್ತಿಕೊಂಡು ನಾಯಿಯನ್ನು ತಂದು ಬಿಟ್ಟರು.

“ಕಚ್ಚೈತಿ ಅನಬ್ಯಾಡ್ರಿ ಸಾರ್,” ಎಂದ ಆತ, ನಾಯಿಯ ಕಿವಿಯ ಹಿಂದೆ ಕೆರೆಯುತ್ತ. “ಇದು ಕೆಲಸ ಕೇಳೈತಿ. ನೀವು ಸರಪಳಿ ಕೊಟ್ಟೀರಿ.”

ಆ ನಾಯಿ ಮುಂದೆ ಮಾಧವರಂ ಕಡೆಯ ಒಂದು ಹಿಂಡಿನಲ್ಲಿ ಒಳ್ಳೆಯ ಹೆಸರು ಪಡೆಯಿತು. ಅಂಥ ಮರಿಗೆ ಕೂಗಬಾರದು, ಹೊಡೆಯಲೂ ಬಾರದು, ದಿನಕ್ಕೊಂದು ಹೊಣೆ ಕೊಡಬೇಕು ಎಂದು ನೋಟುಪುಸ್ತಕದಲ್ಲಿದೆ. ಆಟದ ಮರಿಗೆ ಪಾಠ ಚಿಕ್ಕದಿರಬೇಕು, ಅದಕ್ಕೆ ಬೇಸರ ಬರುವ ಮೊದಲೇ ನಿಲ್ಲಿಸಬೇಕು ಎಂದಿದೆ. ಯಾರ ಗೊಡವೆಯೂ ಇಲ್ಲದೆ ದೂರ ಕುಳಿತುಕೊಳ್ಳುವ ಮರಿಯನ್ನು ಮನುಷ್ಯರ ಬಳಿ ಬೆಳೆಸಬಾರದು, ಕುರಿಮರಿಗಳ ನಡುವೆ ಮಲಗಿಸಬೇಕು, ಅದು ಕುರಿಯನ್ನೇ ತನ್ನ ಬಳಗ ಎಂದುಕೊಳ್ಳುತ್ತದೆ ಎಂದಿದೆ. ಇವನ್ನೆಲ್ಲ ನಾನು ಬರೆದೆ. ಆದರೆ ಬರೆದದ್ದು ನನ್ನೊಳಗೆ ಇಳಿಯಿತು ಎಂದು ಹೇಳಲಾರೆ. ಅಕ್ಷರ ಬಾರದವರ ಪತ್ರಗಳನ್ನು ಬರೆದುಕೊಟ್ಟು ಬರೆದುಕೊಟ್ಟು ನನಗೊಂದು ಶಿಸ್ತು ಬಂದಿತ್ತು: ಕೈ ಬರೆಯಬೇಕು, ಮನಸ್ಸು ಕೇಳಬಾರದು. ಒಬ್ಬರ ಮನೆಯ ಮಾತನ್ನು ತಲೆಯಲ್ಲಿ ಇಟ್ಟುಕೊಳ್ಳಬಾರದು. ಟಪಾಲು ಕಚೇರಿಯವನಿಗೆ ಅದು ಒಳ್ಳೆಯ ಶಿಸ್ತು. ಅದು ನಿವೃತ್ತಿಯ ನಂತರವೂ ನನ್ನನ್ನು ಬಿಡಲಿಲ್ಲ.

ಕೊನೆಯ ಸೂಲಿನಲ್ಲಿ ಒಂದು ಹೆಣ್ಣುಮರಿ ಇತ್ತು. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ತಟ್ಟೆ ಬಿದ್ದ ಕೂಡಲೇ ಅದು ನಮ್ಮ ತುಳಸಿ ಕಟ್ಟೆಯ ಹಿಂದೆ ಅಡಗಿ ಕುಳಿತಿತು. ನೋಡಲು ನೆರೆದಿದ್ದ ಕುರಿಗಾರರು ನಕ್ಕರು. “ಇದನ್ನ ಬಿಟ್ಟು ಬಾ, ತೋಳ ಬಂದ್ರ ಇದಕ್ಕ ನೀನ ಕಾವಲಿರಬೇಕು,” ಎಂದನೊಬ್ಬ. ಆತ ಮರಿಯನ್ನು ಕರೆಯಲಿಲ್ಲ. ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕುಳಿತ. ನಗುವವರು ನಕ್ಕು ಬೇಸತ್ತು ಎದ್ದು ಹೋದರು. ಬಹಳ ಹೊತ್ತಾದ ಮೇಲೆ ಮರಿ ಒಂದೊಂದೇ ಹೆಜ್ಜೆ ಇಟ್ಟು ಬಂದು, ಆತನ ಹಿಮ್ಮಡಿಯ ಮೇಲೆ ಗದ್ದ ಊರಿ ಮಲಗಿತು.

“ಇದು ನನಗ,” ಎಂದ.

“ಇದೇನಪಾ, ಎಲ್ಲಾರಿಗೂ ಹುಲಿ ಕೊಟ್ಟು ನೀ ಇಲಿ ಇಟ್ಕೊಂಡಿ?”

“ಅಂಜೋದು ಕೆಟ್ಟದ್ದಲ್ರಿ ಆಚಾರ್ರ. ಅಂಜೋ ಮರಿ ನೋಡತೈತಿ. ನಿಮ್ಮ ಮಾರಿ ನೋಡತೈತಿ, ಕೈ ನೋಡತೈತಿ, ನೀವು ಉಸಿರು ಬಿಟ್ಟಿದ್ದು ನೋಡತೈತಿ. ಅಂಜಲಾರದ್ದು ಏನೂ ನೋಡಂಗಿಲ್ಲ. ಬರಕೋರಿ.”

ಹೇಳಿದ, ಬರೆದೆ. ಅಂದು ಬರೆದದ್ದು ಐದಾರು ಸಾಲು.

ಆಮೇಲಿನ ದಿನಗಳಲ್ಲಿ ಆತ ಸಂಜೆಗೆ ಹಿಂಡು ತಿರುಗಿಸಿಕೊಂಡು ಬರುವಾಗ ಮರಿಯೊಡನೆ ನಮ್ಮ ಹಿತ್ತಲ ಬೇಲಿಯ ತನಕ ಬಂದು ಹೋಗುತ್ತಿದ್ದ. ಮರಿಯನ್ನು ಅಲ್ಲಿ ಕೂರಿಸಿ, ತಾನೂ ಕ್ಷಣ ನಿಂತು, “ಅರಾಮ್ರಿ?” ಎಂದು ಕೇಳಿ ಹೊರಡುತ್ತಿದ್ದ. ವಯಸ್ಸಾಯಿತು, ಮಾತಿಗೆ ಜನ ಬೇಕಾಗಿದೆ ಎಂದುಕೊಂಡೆ. ಅದೇ ದಾರಿ, ಅದೇ ಬೇಲಿ, ಅದೇ ಹೊತ್ತು ಸಾಲುಸಾಲಾಗಿ ಎಷ್ಟೋ ಸಂಜೆ ನಡೆಯಿತು. ಒಂದು ಪಾಠ ನಡೆಯುತ್ತಿದೆ ಎಂದು ನನಗೆ ಹೊಳೆಯಲಿಲ್ಲ.

ಆತನ ಹೆಂಡತಿ ತೀರಿಹೋಗಿದ್ದಳು. ಜೊತೆಗಿದ್ದವಳು ಮಗಳು. ಗಂಡನ ಮನೆಯಲ್ಲಿ ಹೊಂದಿಕೆಯಾಗದೆ ಬಂದು, ತಂದೆಯೊಡನೆ ಹಿಂಡು ನೋಡಿಕೊಳ್ಳುತ್ತಿದ್ದಳು. ಅಪ್ಪ ಅಂಗಳದಲ್ಲಿ ದಬಕ್ಕನೆ ಬಿದ್ದುಕೊಳ್ಳುವುದು, ನಾಯಿ ಓಡಿ ಬಂದು ತನ್ನ ಸೀರೆಯ ಸೆರಗು ಹಿಡಿದು ಜಗ್ಗುವುದು, ಇದನ್ನು ಆಕೆ ಕಂಡಿದ್ದಳು. ಏನಿದು ಎಂದರೆ ಅಪ್ಪ ‘ಆಟ’ ಎನ್ನುತ್ತಿದ್ದನಂತೆ. ಬಿಸಿಲಿನಲ್ಲಿ ತನ್ನ ಕಣ್ಣಿಗೆ ಕತ್ತಲೆ ಬರುತ್ತಿದೆ ಎಂಬುದನ್ನು ಮಗಳಿಗೆ ಹೇಳಿರಲಿಲ್ಲ.

ಈಗ ಆ ಮಧ್ಯಾಹ್ನ.

ವೈಶಾಖದ ಬಿಸಿಲು. ನಾನು ಸ್ನಾನ ಮುಗಿಸಿ, ಗಳದ ಮೇಲಿನ ಮಡಿ ಧೋತರ ಉಟ್ಟು, ದೇವರ ನೀರಿಗೆಂದು ಹಿತ್ತಲ ಬಾವಿಗೆ ಹೋಗಿದ್ದೆ. ಬೇಲಿ ನುಸುಳಿ ಆ ನಾಯಿ ಬಂದಿತು. ಬೊಗಳಲಿಲ್ಲ. ನೆಟ್ಟಗೆ ಬಂದು ನನ್ನ ಧೋತರದ ಅಂಚು ಹಿಡಿದು ಜಗ್ಗಿತು.

ಮಡಿ ಕೆಟ್ಟಿತು. ನನಗೆ ಆ ಕ್ಷಣ ಕಂಡದ್ದು ಅದೊಂದೇ. ತಂಬಿಗೆಯ ನೀರು ಎರಚಿದೆ. ನಾಯಿ ಹಿಂದೆ ಸರಿದು ಮಲಗಿತು, ನನ್ನ ಮುಖವನ್ನೇ ನೋಡಿತು, ಮತ್ತೆ ಎದ್ದು ಬಂದು ಅದೇ ಅಂಚು ಹಿಡಿಯಿತು. ನಾನು ಒಲೆಯ ಕಟ್ಟಿಗೆ ಎತ್ತಿ ಬೀಸಿದೆ. ಹಿಂಗಾಲಿಗೆ ಬಿತ್ತು. ಅದು ಕೂಗಲಿಲ್ಲ. ಬೇಲಿಯ ತನಕ ಕುಂಟಿಕೊಂಡು ಹೋಗಿ, ಅಲ್ಲಿ ನಿಂತು ಇನ್ನೊಮ್ಮೆ ನೋಡಿತು.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ಅದು ಕೂಳಿಗೆ ಬಂದಂಗ ಕಾಣೋದಿಲ್ರಿ. ಏನೋ ಆಗ್ಯದ. ಒಂದು ಸಲ ಹೋಗಿ ನೋಡಬಾರದ?”

“ನಿನಗ ನಾಯಿ ಭಾಷಾ ಯಾವಾಗ ಬಂತು? ನೀರು ಕಾಸು ಹೋಗು.”

ಎರಡನೆಯ ಸಲ ಸ್ನಾನ ಮಾಡಿದೆ. ಬೇರೆ ಧೋತರ ಉಟ್ಟೆ. ಸಂಧ್ಯಾವಂದನೆಯನ್ನು ಮೊದಲಿನಿಂದ ಆರಂಭಿಸಿದೆ. ಪೂಜೆ, ನೈವೇದ್ಯ, ಊಟ ಎಲ್ಲ ಕ್ರಮದಂತೆ ಮುಗಿಯಿತು. ಊಟದ ನಂತರ ಸ್ವಲ್ಪ ಮಲಗಿದೆ.

ಸಂಜೆ ಹಿಂಡು ತಾನಾಗಿಯೇ ಊರಿಗೆ ಬಂದಿತು, ಹಿಂದೆ ಯಾರೂ ಇರಲಿಲ್ಲ. ಮಗಳು ಅದೇ ಹೊತ್ತಿಗೆ ಆದೋನಿಯಿಂದ ಬಸ್ಸಿಳಿದಿದ್ದಳು. ಕುರಿಗಳ ಔಷಧಿ ತರಲು ಬೆಳಿಗ್ಗೆಯೇ ಮನೆಗೆ ಬೀಗ ಹಾಕಿ ಹೋಗಿದ್ದಳು. ಜನ ಹುಡುಕಿಕೊಂಡು ಹೋದರು. ಬಯಲಿನ ಒಂದು ಜಾಲಿಯ ಕೆಳಗೆ ಆತ ಬಿದ್ದಿದ್ದ. ಉಸಿರು ನಿಂತು ಬಹಳ ಹೊತ್ತಾಗಿರಲಿಲ್ಲ ಎಂದು ಮುಟ್ಟಿ ನೋಡಿದವರು ಹೇಳಿದರು. ಮಧ್ಯಾಹ್ನವೇ ಯಾರಾದರೂ ಒಂದು ಬಿಂದಿಗೆ ನೀರು ಒಯ್ದಿದ್ದರೆ, ಎಂದೂ ಹೇಳಿದರು. ನಾಯಿ ಆತನ ಹಿಮ್ಮಡಿಯ ಮೇಲೆ ಗದ್ದವಿಟ್ಟು ಮಲಗಿತ್ತು.

“ಈ ಸೂಳೆಮಗಂದು ಎಲ್ಲಿತ್ತು ಮಧ್ಯಾಹ್ನ? ಬೊಗಳಿದ್ರ ದಾರ್ಯಾಗ ಹೋಗೋರಿಗೆ ಕೇಳತಿತ್ತಲ್ಲ,” ಎಂದು, ಹೆಣವನ್ನು ಊರಿಗೆ ತಂದಾಗ, ನೆರೆದವರಲ್ಲಿ ಯಾರೋ ಕೇಳಿದರು.

ನಾನು ಹೇಳಿದೆ: “ಮಧ್ಯಾಹ್ನ ನಮ್ಮ ಹಿತ್ತಲಕ್ಕ ಬಂದಿತ್ತು. ಕೂಳಿಗೆ ಬಂದಿತ್ತು, ಓಡಿಸಿದೆ.”

ಆ ಸುಳ್ಳು ಹುಟ್ಟಿದ್ದು ಇಲ್ಲಿ. ಕಾಗದ ತೋರಿಸು ಎಂದು ಊರನ್ನೆಲ್ಲ ಪೀಡಿಸಿದವನ ಮಾತಾದ್ದರಿಂದ ಯಾರೂ ಕಾಗದ ಕೇಳಲಿಲ್ಲ. ನನ್ನ ಎರಡು ವಾಕ್ಯಗಳಿಗೆ ‘ಹೇಡಿ’ ಎಂಬ ಶಬ್ದವನ್ನು ಬೇರೆಯವರು ಸೇರಿಸಿದರು. ಕುಂಟುವ ಕಾಲಿಗೆ, ಹೆದರಿ ಓಡುವಾಗ ಕಲ್ಲು ಬಡಿದದ್ದೆಂಬ ಕಾರಣವನ್ನೂ ಅವರೇ ಕಂಡುಕೊಂಡರು. ನಾನು ತಿದ್ದಲಿಲ್ಲ.

ಮರುವರ್ಷ ಆ ನಾಯಿ ಮರಿ ಹಾಕಿತು. ಕೊಂಡೊಯ್ಯಲು ಯಾರೂ ಬರಲಿಲ್ಲ. ಹೇಡಿಯ ತಳಿ. ಮೊದಲು ಕೊಂಡೊಯ್ದಿದ್ದವರೂ, ಆತನ ಆಯ್ಕೆಯ ಮೇಲೆಯೇ ಅನುಮಾನ ಬಂದು, ಬೇರೆ ಕಡೆ ಮರಿ ಹುಡುಕತೊಡಗಿದರು. ಒಂದು ಬೆಳಿಗ್ಗೆ ಮಗಳು ನೋಟುಪುಸ್ತಕ ಹಿಡಿದು ನಮ್ಮ ಕಟ್ಟೆಯ ಮುಂದೆ ನಿಂತಳು. ಆಕೆ ಕಲಿತದ್ದು ತೆಲುಗು ಶಾಲೆಯಲ್ಲಿ. ಮನೆಯ ಮಾತು ಕನ್ನಡ, ಆದರೆ ಕನ್ನಡದ ಅಕ್ಷರ ಆಕೆಗೆ ಬಾರದು. ಅಪ್ಪನ ಜೀವಮಾನದ ವಿದ್ಯೆ ಪೆಟ್ಟಿಗೆಯಲ್ಲಿ ಆಕೆ ಓದಲಾರದೆ ಬಿದ್ದಿತ್ತು.

“ತಾತ, ಒಂದು ಗಂಟು ಬಿಡಿಸಿ ಕೊಡ್ರಿ. ನಾಯಿ ನನ್ನ ಕರಿಯಾಕ ಮನಿಗೆ ಬಂದೈತಿ, ಅದು ನನಗ ಖಾತ್ರಿ ಐತಿ. ಬಾಗಲಿಗೆ ಅದರ ಉಗುರಿನ ಗೀರು ಐತಿ. ಬೀಗ ನೋಡಿ ಅಪ್ಪನ ಕಡೆ ಹೊಳ್ಳಿ ಹೋಗಬೇಕಿತ್ತು. ನಿಮ್ಮ ಹಿತ್ತಲಕ್ಕ ಯಾಕ ಬಂತು? ಕೂಳಿಗೆ ಅಂದ್ರ ನಾ ನಂಬಂಗಿಲ್ಲ. ಇದರಾಗ ಏನಾರ ಐತೇನು, ಚದವಂಡಿ ತಾತ.”

ಓದಿ ಎಂಬ ಆ ಒಂದು ಶಬ್ದ ತೆಲುಗಿನಲ್ಲಿ ಬಂದಿತು, ಅಷ್ಟು ಅವಸರ ಆಕೆಗೆ. ಕಡೆಯ ಪುಟ ತೆರೆದೆ. ನನ್ನದೇ ಅಕ್ಷರ. ಓದುತ್ತ ಹೋದೆ:

“ಬಿಳೇದು, ಒಂದು ಕಿವಿ ಕಂದು. ಅಂಜುಬುರುಕಿ. ಬೊಗಳಂಗಿಲ್ಲ, ಕಾವಲಿಗೆ ಬ್ಯಾಡ. ಇದಕ್ಕ ಕರಿಯಾಕ ಕಲಸಬೇಕು. ನಾ ಬಿದ್ರ ಹೋಗಿ ಅರಿವಿ ಹಿಡದು ಜಗ್ಗಬೇಕು. ಮೊದಲು ನಮ್ಮ ಮನಿ.”

ಅಲ್ಲಿ ನಿಲ್ಲಿಸಿದೆ. ಕೆಳಗೆ ಇನ್ನೊಂದು ಸಾಲಿತ್ತು.

“ಅಷ್ಟೇನಾ ತಾತ?”

“ಅಷ್ಟೇ,” ಎಂದೆ.

ಆಕೆ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಒಂಬತ್ತು ದಿನ ನಾನು ಮನೆಯ ಹೊರಗೆ ಬರಲಿಲ್ಲ. ಹೆಂಡತಿ ಕೇಳಿದಾಗ ಹೇಳಿದೆ. ಆಕೆ ಬೈಯಲಿಲ್ಲ, “ಆ ಹುಡುಗಿಗೆ ಅಕ್ಷರ ಬರೋದಿಲ್ಲ ಅಂತ ಗೊತ್ತಿದ್ದೇ ಮಾಡಿದ್ರಿ,” ಎಂದಳು ಅಷ್ಟೇ. ಹತ್ತನೆಯ ದಿನ, ಸ್ನಾನಕ್ಕೂ ಮೊದಲು, ಕುರುಬರ ಓಣಿಗೆ ಹೋದೆ. ಇಷ್ಟು ವರ್ಷಗಳಲ್ಲಿ ಆತನ ಮನೆಯ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಪುಸ್ತಕ ತರಿಸಿ, ನಿಂತೇ ಆ ಸಾಲು ಓದಿದೆ:

“ಬಾಗಲ ಹಾಕಿದ್ರ ಆಚಾರ್ರ ಮನಿ. ಅವರು ಯಾವಾಗಲೂ ಮನ್ಯಾಗ ಇರ್ತಾರ.”

ಕಟ್ಟಿಗೆಯ ಸಂಗತಿಯನ್ನೂ ಹೇಳಿದೆ. ಎರಡನೆಯ ಸ್ನಾನದ ಸಂಗತಿಯನ್ನೂ ಹೇಳಿದೆ. ಮರಿಗಳು ಆಕೆಯ ಕಾಲಿನ ಸುತ್ತ ಆಡುತ್ತಿದ್ದವು. ಆಕೆ ಒಳಗಿನಿಂದ ಪೆನ್ನು ತಂದು ನನ್ನ ಕೈಗೆ ಕೊಟ್ಟಳು.

“ಅದರ ತೆಳಗ ತೆಲುಗಿನಾಗ ಬರೀರಿ. ನಿಮ್ಮ ಹಿತ್ತಲ ಮಾತೂ ಬರೀರಿ. ನನಗ ಓದಾಕ ಬರಬೇಕು.”

ಬರೆದೆ. ಈ ಸಲ ಮನಸ್ಸು ಕೇಳುತ್ತಲೇ ಬರೆದೆ.

ಅಂದಿನಿಂದ ದಿನವೂ ಬೆಳಿಗ್ಗೆ ಆ ಅಂಗಳದ ಕಲ್ಲಿನ ಮೇಲೆ, ನಾಯಿಗೆ ಬೆನ್ನು ಮಾಡಿ, ಸ್ವಲ್ಪ ಹೊತ್ತು ಕುಳಿತು ಬರುತ್ತೇನೆ. ಅದು ನನ್ನನ್ನು ಕಂಡರೆ ಬಾಗಿಲ ಹಿಂದೆ ಹೋಗುತ್ತದೆ. ಇನ್ನೂ ಹತ್ತಿರ ಬಂದಿಲ್ಲ. ಬರಬೇಕೆಂದು ಕೇಳುವ ಅಧಿಕಾರ ನನಗಿಲ್ಲ.

ನೋಟುಪುಸ್ತಕ ಆ ಮನೆಯಲ್ಲಿದೆ. ಬರೆದ ಕಡೆಯ ಪುಟ. ಮೇಲೆ ಕನ್ನಡ, ಕೆಳಗೆ ತೆಲುಗು, ಎರಡೂ ಒಂದೇ ಕೈ. ಕುಂಟುವ ನಾಯಿಯೂ ಅಲ್ಲೇ ಇದೆ, ಬಾಗಿಲಿನ ಗೀರೂ ಇದೆ. ನನ್ನ ಮಾತನ್ನು ನಂಬಬೇಕಾಗಿಲ್ಲ. ಹಿಂದೆ ಒಮ್ಮೆ ನಂಬಿದ್ದೇ ತಪ್ಪಾಯಿತು. ಹೋಗಿ ನೋಡಿ. ಆ ಮನೆಯ ಬಾಗಿಲು ಹಾಕಿದ್ದರೆ ನಮ್ಮ ಮನೆಗೆ ಬನ್ನಿ. ಎಷ್ಟು ಹೊತ್ತಾದರೂ ಸರಿ, ಎದ್ದು ನಿಮ್ಮೊಡನೆ ಬರುತ್ತೇನೆ.